ಇದ್ದದ್ದು ಇದ್ದ ಹಾಗೆ ಅಂದರೆ ಹೇಗೆ?

ಬಸ್ ಸ್ಟ್ಯಾಂಡಿಗೆ ತಡವಾಗಿ ಓಡಿ ಬಂದು "ಶಿವಮೊಗ್ಗ ಬಸ್ ಹೋಯ್ತಾ?" ಅಂತ ಕೇಳಿದಿರಿ ಅಂದುಕೊಳ್ಳಿ. ಒಬ್ಬರು "ಹೋಯ್ತು" ಅಂದರು. ಪಕ್ಕದವರು "ಹೋಯ್ತಂತೆ" ಅಂದರು. ಮೂರನೆಯವರು ವಾಚ್ ನೋಡಿಕೊಂಡು "ಹೋಗಿರಬೇಕು" ಅಂದರು. ಇಪ್ಪತ್ತು ನಿಮಿಷ ಕಳೆದ ಮೇಲೆ ಬಸ್ ಬಂತು. ಅದು ಹೋಗಿರಲೇ ಇಲ್ಲ.

ಮೂವರಲ್ಲಿ ಸುಳ್ಳು ಹೇಳಿದವರು ಯಾರು?

ಮೊದಲನೆಯವರು ಬೇರೆ ಯಾವುದೋ ಬಸ್ ಹೊರಟಿದ್ದನ್ನು ನೋಡಿ ಅದೇ ಶಿವಮೊಗ್ಗದ್ದು ಅಂದುಕೊಂಡಿದ್ದರು. ನಿಮಗೆ ಮೋಸ ಮಾಡುವ ಉದ್ದೇಶ ಅವರಿಗಿರಲಿಲ್ಲ. ಆದರೂ ಅವರ ಮಾತು ಸುಳ್ಳು. ಎರಡನೆಯವರದು ಇನ್ನೂ ಮಜವಾಗಿದೆ. "ಅಂತೆ" ಅಂತ ಎರಡಕ್ಷರದ ಬಾಲ ಸೇರಿಸಿದ ಕೂಡಲೇ ಅವರು ಹೇಳುತ್ತಿರುವುದು ಬಸ್ಸಿನ ವಿಷಯ ಅಲ್ಲ, "ಬಸ್ ಹೋಯಿತು ಅಂತ ಯಾರೋ ಹೇಳಿದರು" ಅನ್ನುವ ವಿಷಯ. ಯಾರೋ ಹಾಗೆ ಹೇಳಿದ್ದು ಹೌದು. ಹಾಗಾಗಿ ಬಸ್ ಇನ್ನೂ ಬಂದೇ ಇರದಿದ್ದರೂ ಅವರ ಮಾತು ನಿಜವೇ. ಮೂರನೆಯವರು ಊಹೆ ಮಾಡಿದರು, ಅದು ಊಹೆ ಅಂತ ಕ್ರಿಯಾಪದದಲ್ಲೇ ಒಪ್ಪಿಕೊಂಡೂ ಬಿಟ್ಟರು.

ಸತ್ಯ ಅಂದರೆ ಏನು ಅನ್ನುವ ಪ್ರಶ್ನೆಗೆ ಎರಡು ಸಾವಿರ ವರ್ಷಕ್ಕೂ ಜಾಸ್ತಿ ಕಾಲದಿಂದ ಜನ ತಲೆ ಕೆಡಿಸಿಕೊಂಡಿದ್ದಾರೆ. ಓದಲು ಹೋದರೆ ವಾದಗಳ ಹೆಸರೇ ಹತ್ತಿಪ್ಪತ್ತು ಸಿಗುತ್ತವೆ. ಆದರೆ ಮುಕ್ಕಾಲು ಗೊಂದಲ ಬರುವುದು ಬೇರೆ ಬೇರೆ ಪ್ರಶ್ನೆಗಳನ್ನು ಒಂದೇ ಪಾತ್ರೆಗೆ ಹಾಕಿ ಕಲಸುವುದರಿಂದ ಅಂತ ನನ್ನ ಅನಿಸಿಕೆ. ಆ ಮಾತು ನಿಜವಾ ಅನ್ನುವುದು ಒಂದು ಪ್ರಶ್ನೆ. ಹೇಳಿದವರು ಪ್ರಾಮಾಣಿಕರಾ ಅನ್ನುವುದು ಇನ್ನೊಂದು. ನಿಜ ಅಂತ ನಮಗೆ ಗೊತ್ತಾಗುವುದು ಹೇಗೆ ಅನ್ನುವುದು ಮೂರನೆಯದು.

ಪ್ರಾಮಾಣಿಕತೆಯನ್ನು ಮೊದಲು ಪಕ್ಕಕ್ಕೆ ಇಟ್ಟುಬಿಡೋಣ, ಅದು ಸುಲಭ. ಕೊಟ್ಟ ಸಾಲ ಕೇಳಲು ಯಾರೋ ಬಾಗಿಲಿಗೆ ಬಂದಿದ್ದಾರೆ. ಹುಡುಗ "ಅಪ್ಪ ಮನೇಲಿಲ್ಲ" ಅಂದ. ಅಪ್ಪ ಒಳಗೆ ಕೂತಿದ್ದಾರೆ ಅಂತಲೇ ಅವನು ತಿಳಿದಿದ್ದಾನೆ. ಆದರೆ ಅಪ್ಪ ಅಷ್ಟರಲ್ಲಿ ಹಿತ್ತಲ ಬಾಗಿಲಿನಿಂದ ಜಾಗ ಖಾಲಿ ಮಾಡಿದ್ದಾರೆ. ಹುಡುಗ ಸುಳ್ಳು ಹೇಳಿದ, ಆದರೆ ಅವನು ಹೇಳಿದ ಮಾತು ನಿಜ! ಕನ್ನಡದ "ಸುಳ್ಳು" ಎರಡು ಕೆಲಸ ಮಾಡುತ್ತದೆ. ಬೇಕಂತಲೇ ಮೋಸ ಮಾಡುವುದಕ್ಕೂ ಅದೇ ಪದ, ವಿಷಯ ತಪ್ಪಾಗಿರುವುದಕ್ಕೂ ಅದೇ ಪದ. ಮುಂದೆ ಓದುವಾಗ ಎರಡನೆಯ ಅರ್ಥವನ್ನಷ್ಟೇ ಇಟ್ಟುಕೊಳ್ಳಿ.

ಈಗ ಅಸಲು ಪ್ರಶ್ನೆ. ಒಂದು ಮಾತು ನಿಜ ಅಂದರೆ ಏನರ್ಥ?

"ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದ" ಅನ್ನುವ ಗಾದೆ ಗೊತ್ತಲ್ಲ. ಎದೆಗೆ ಒದೆಯುವ ಭಾಗ ಬಿಡಿ, ಮೊದಲರ್ಧ ನೋಡಿ. ಕ್ರಿಸ್ತಪೂರ್ವ 4ನೇ ಶತಮಾನದಲ್ಲಿ ಗ್ರೀಸಿನ ಅರಿಸ್ಟಾಟಲ್ ಸತ್ಯಕ್ಕೆ ಕೊಟ್ಟ ವಿವರಣೆ ಹೆಚ್ಚು ಕಡಿಮೆ ಅಷ್ಟೇ: ಇರುವುದನ್ನು ಇದೆ ಅನ್ನುವುದು, ಇಲ್ಲದ್ದನ್ನು ಇಲ್ಲ ಅನ್ನುವುದು ಸತ್ಯ. ಅದರ ಉಲ್ಟಾ ಸುಳ್ಳು. ನಮ್ಮ ನ್ಯಾಯದರ್ಶನದಲ್ಲಿ, ಅಂದರೆ ತರ್ಕಕ್ಕೆ ಹೆಸರಾದ ತತ್ತ್ವಪಂಥದಲ್ಲಿ, ಸುಮಾರು 5ನೇ ಶತಮಾನದ ವಾತ್ಸ್ಯಾಯನ ತನ್ನ ಭಾಷ್ಯದ ಶುರುವಿನಲ್ಲೇ ಹೀಗೇ ಹೇಳುತ್ತಾನೆ. ಇರುವುದನ್ನು ಇದೆ ಅಂತಲೂ, ಇಲ್ಲದ್ದನ್ನು ಇಲ್ಲ ಅಂತಲೂ, ತಿರುಚದೆ ಗ್ರಹಿಸಿದರೆ ಅದು ತತ್ತ್ವ. 13ನೇ ಶತಮಾನದಲ್ಲಿ ಉಡುಪಿಯ ಮಧ್ವಾಚಾರ್ಯರು ಇದನ್ನು ಎರಡೇ ಪದಕ್ಕೆ ಇಳಿಸಿದರು: "ಯಥಾರ್ಥಂ ಪ್ರಮಾಣಂ". ಅರ್ಥ, ಅಂದರೆ ವಸ್ತು, ಹೇಗಿದೆಯೋ ಹಾಗೆ ತೋರಿಸುವುದು ಪ್ರಮಾಣ. ನಾವು ದಿನಾ ಬಳಸುವ "ಯಥಾರ್ಥ" ಅನ್ನುವ ಪದದೊಳಗೇ ಈ ಸಿದ್ಧಾಂತ ಮಡಚಿಕೊಂಡು ಕೂತಿದೆ.

ಅಲ್ಲಿಗೆ ಮುಗೀತಲ್ಲ ಅನ್ನಿಸಬಹುದು. ಮಾತು ಒಂದು ಕಡೆ, ಪ್ರಪಂಚ ಒಂದು ಕಡೆ, ಎರಡೂ ತಾಳೆಯಾದರೆ ನಿಜ. ಪೇಚು ಇರುವುದು ಆ "ಇಲ್ಲದ್ದನ್ನು ಇಲ್ಲ" ಅನ್ನುವ ಭಾಗದಲ್ಲಿ.

ಅಡುಗೆಮನೆಗೆ ಹೋಗಿ ಡಬ್ಬಿ ತೆಗೆದು ನೋಡಿ "ಸಕ್ಕರೆ ಇಲ್ಲ" ಅಂದಿರಿ. ನಿಜವಾದ ಮಾತು. ಈಗ ಈ ಮಾತಿಗೆ ತಾಳೆಯಾಗುವ ವಸ್ತು ಯಾವುದು? "ಸಕ್ಕರೆ ಇದೆ" ಅಂದಿದ್ದರೆ ಸಕ್ಕರೆಯನ್ನೇ ತೋರಿಸಬಹುದಿತ್ತು. ಈಗ ಏನು ತೋರಿಸುತ್ತೀರಿ? ಖಾಲಿ ಡಬ್ಬಿ? ಆದರೆ ಅದೇ ಡಬ್ಬಿಯಲ್ಲಿ ಕಾಫಿಪುಡಿ ಇಲ್ಲ, ಆನೆಯೂ ಇಲ್ಲ. ಖಾಲಿ ಡಬ್ಬಿ ಎಲ್ಲದಕ್ಕೂ ಒಂದೇ. ನೀವು ಹೇಳಿದ್ದು ಮಾತ್ರ ಸಕ್ಕರೆಯ ಬಗ್ಗೆ.

ಇದು ಸುಮ್ನೆ ಮಾತಿನ ಚಮತ್ಕಾರ ಅಲ್ಲ, ಇದಕ್ಕಾಗಿ ದರ್ಶನಗಳು ಶತಮಾನಗಟ್ಟಲೆ ಜಗಳ ಆಡಿವೆ. ನ್ಯಾಯ ಮತ್ತು ಅದರ ಜೊತೆಗಾರ ವೈಶೇಷಿಕ ದರ್ಶನದವರು ಧೈರ್ಯವಾಗಿ "ಅಭಾವ" (ಇಲ್ಲದಿರುವಿಕೆ) ಅನ್ನುವುದೂ ಒಂದು ಪದಾರ್ಥ, ಅಂದರೆ ಪ್ರಪಂಚದಲ್ಲಿ ಇರುವಂಥದ್ದರ ಒಂದು ಬಗೆ, ಅಂತ ಒಪ್ಪಿಕೊಂಡರು. ಅವರ ಪಟ್ಟಿಯಲ್ಲಿ ಅದು ಏಳನೆಯದು. ಡಬ್ಬಿಯಲ್ಲಿ ಸಕ್ಕರೆಯ ಅಭಾವ ಇದೆ, ಅದನ್ನು ಕಣ್ಣಿನಿಂದಲೇ ನೋಡುತ್ತೇವೆ ಅಂತ ಅವರ ವಾದ. ವೇದದ ಅರ್ಥ ವಿಚಾರ ಮಾಡುವ ಮೀಮಾಂಸಕರಲ್ಲಿ ಕುಮಾರಿಲ ಭಟ್ಟನ ಕಡೆಯವರು ಅಭಾವ ಇದೆ ಅಂತ ಒಪ್ಪಿದರು, ಆದರೆ ಅದನ್ನು ಕಣ್ಣು ನೋಡುವುದಿಲ್ಲ, ಇದ್ದಿದ್ದರೆ ಕಾಣಬೇಕಿತ್ತು, ಕಾಣಲಿಲ್ಲ, ಆ ಕಾಣದಿರುವಿಕೆಯೇ ಬೇರೆ ಒಂದು ಪ್ರಮಾಣ, ತಿಳಿಯುವ ಬೇರೆ ದಾರಿ, ಅಂದರು. ಮೀಮಾಂಸೆಯ ಇನ್ನೊಂದು ಕವಲಾದ ಪ್ರಾಭಾಕರರು ಇದೆಲ್ಲ ಬೇಡವೇ ಬೇಡ, ಅಲ್ಲಿರುವುದು ಬರೀ ಡಬ್ಬಿ, ಅದಕ್ಕಿಂತ ಜಾಸ್ತಿ ಏನೂ ಇಲ್ಲ ಅಂದರು. ಇತ್ತ ಇಂಗ್ಲೆಂಡಿನ ತತ್ತ್ವಜ್ಞಾನಿ ಬರ್ಟ್ರಂಡ್ ರಸೆಲ್ ಹಾರ್ವರ್ಡ್‌ನಲ್ಲಿ ಪಾಠ ಮಾಡುವಾಗ ನಕಾರದ ಸಂಗತಿಗಳೂ ಪ್ರಪಂಚದಲ್ಲಿವೆ ಅಂತ ವಾದಿಸಿದನಂತೆ. ಅಲ್ಲಿ ಹೊಡೆದಾಟವೊಂದು ಬಾಕಿ ಅನ್ನುವಷ್ಟು ಗಲಾಟೆ ಆಯಿತು ಅಂತ ಅವನೇ ಆಮೇಲೆ ಹೇಳಿಕೊಂಡಿದ್ದಾನೆ. ಖಾಲಿ ಸಕ್ಕರೆ ಡಬ್ಬಿಗೆ ಇಷ್ಟು!

ನನಗೆ ನೈಯಾಯಿಕರ, ಅಂದರೆ ನ್ಯಾಯದರ್ಶನದವರ, ಧೈರ್ಯ ಇಷ್ಟ, ಪ್ರಾಭಾಕರರ ಜಿಪುಣತನವೂ ಇಷ್ಟ. ಯಾರು ಗೆದ್ದರು ಅಂತ ಹೇಳುವುದು ಕಷ್ಟ. ಒಂದಂತೂ ಸ್ಪಷ್ಟ: "ತಾಳೆಯಾದರೆ ನಿಜ" ಅನ್ನುವುದು ಹೇಳಲು ಎಷ್ಟು ಸಲೀಸೋ, ಯಾವುದಕ್ಕೆ ಯಾವುದು ತಾಳೆ ಅಂತ ಬೆರಳಿಟ್ಟು ತೋರಿಸುವುದು ಅಷ್ಟೇ ಕಷ್ಟ.

ಈ ತಲೆನೋವೇ ಬೇಡ ಅಂತ ಕೆಲವರು ಬೇರೆ ದಾರಿ ಹಿಡಿದರು. ನಿಮ್ಮ ನಂಬಿಕೆಗಳೆಲ್ಲ ಒಂದಕ್ಕೊಂದು ಹೊಂದಿಕೊಂಡರೆ ಸಾಕು, ಅದೇ ಸತ್ಯ ಅಂತ ಒಂದು ಗುಂಪು. ಇದನ್ನು ಬೇಗ ಮುಗಿಸಿಬಿಡಬಹುದು. ಚೆನ್ನಾಗಿ ಹೆಣೆದ ಪತ್ತೇದಾರಿ ಕಾದಂಬರಿಯಲ್ಲಿ ಎಲ್ಲವೂ ಹೊಂದಿಕೊಂಡಿರುತ್ತದೆ, ಆದರೆ ಅಲ್ಲಿ ಕೊಲೆ ನಡೆದಿರುವುದಿಲ್ಲ. ಹೊಂದಾಣಿಕೆ ಅನುಮಾನ ಬಗೆಹರಿಸಲು ಒಳ್ಳೆಯ ಸಾಧನ. ಅದನ್ನೇ ಸತ್ಯ ಅಂತ ಕರೆದರೆ ಥರ್ಮಾಮೀಟರನ್ನೇ ಜ್ವರ ಅಂತ ಕರೆದ ಹಾಗೆ.

ಅಮೆರಿಕದ ತತ್ತ್ವಜ್ಞಾನಿ ವಿಲಿಯಂ ಜೇಮ್ಸ್ ಅವರ ದಾರಿ ಇದಕ್ಕಿಂತ ಗಟ್ಟಿ. 1907ರಲ್ಲಿ ಪುಸ್ತಕವಾದ ತಮ್ಮ ಉಪನ್ಯಾಸಗಳಲ್ಲಿ ಅವರು ಕೇಳಿದ್ದು ಇದನ್ನು: ಒಂದು ವಿಚಾರ ನಿಜ ಆಗಿರುವುದರಿಂದ ಬದುಕಿನಲ್ಲಿ ಏನು ವ್ಯತ್ಯಾಸ ಆಗುತ್ತದೆ? ನಂಬಿ ನಡೆದರೆ ದಾರಿ ಮುಟ್ಟಿಸುತ್ತದೆಯಾ? ಮುಟ್ಟಿಸಿದರೆ ಅದರ ಸತ್ಯ ಅಲ್ಲಿದೆ. ಕೇಳಲು ಹಿತವಾಗಿದೆ. ಆದರೆ ಇಲ್ಲಿ ನಮ್ಮ ನೈಯಾಯಿಕರು ಒಂದು ಕೂದಲೆಳೆಯ ವ್ಯತ್ಯಾಸ ಮೊದಲೇ ಕಂಡಿದ್ದರು. ಅವರ ಉದಾಹರಣೆ ನೀರಿನದು. ದೂರದಲ್ಲಿ ನೀರು ಕಂಡಿತು. ಅದು ನೀರೋ ಬಿಸಿಲ್ಗುದುರೆಯೋ? ಹತ್ತಿರ ಹೋದೆ, ಕುಡಿದೆ, ಬಾಯಾರಿಕೆ ಹೋಯಿತು. ಹಾಗಾದರೆ ಮೊದಲು ಕಂಡದ್ದು ಸರಿ. ಗಮನಿಸಿ: ಬಾಯಾರಿಕೆ ಹೋದದ್ದರಿಂದ ನನ್ನ ತಿಳಿವಳಿಕೆ ನಿಜ ಆಗಲಿಲ್ಲ. ಅದು ನಿಜ ಅಂತ ನನಗೆ ಗೊತ್ತಾಯಿತು. ನಿಜ ಆಗಿದ್ದು ಅಲ್ಲಿ ನೀರು ಇದ್ದದ್ದರಿಂದ. ನಾನು ಕುಡಿಯಲು ಹೋಗದೆ ಇದ್ದಿದ್ದರೂ ಅದು ನಿಜವೇ.

ಇಡೀ ಲೇಖನದಲ್ಲಿ ಒಂದೇ ವಿಷಯ ನೆನಪಿಟ್ಟುಕೊಳ್ಳಿ ಅಂದರೆ ನಾನು ಇದನ್ನೇ ಹೇಳುತ್ತೇನೆ. ಸತ್ಯ ಯಾವುದರಿಂದ ಸತ್ಯ ಅನ್ನುವುದು ಬೇರೆ. ಸತ್ಯ ಅಂತ ಯಾವುದರಿಂದ ಗೊತ್ತಾಯಿತು ಅನ್ನುವುದು ಬೇರೆ. ಮೊದಲನೆಯದಕ್ಕೆ ನಮ್ಮ ಗಾದೆ "ಇದ್ದದ್ದು ಇದ್ದ ಹಾಗೆ". ಎರಡನೆಯದಕ್ಕೆ ಇನ್ನೊಂದು ಗಾದೆ: "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು". ಎರಡೂ ಒಂದೇ ಅಲ್ಲ.

ಗಣಿತದಲ್ಲಿ ಇದು ಎದ್ದು ಕಾಣುತ್ತದೆ. 2ಕ್ಕಿಂತ ದೊಡ್ಡ ಯಾವುದೇ ಸಮಸಂಖ್ಯೆಯನ್ನು ಎರಡು ಅವಿಭಾಜ್ಯ ಸಂಖ್ಯೆಗಳ ಮೊತ್ತವಾಗಿ ಬರೆಯಬಹುದು ಅನ್ನುವ ಊಹೆ ಇದೆ. 10 ಅಂದರೆ 3 ಮತ್ತು 7, 28 ಅಂದರೆ 5 ಮತ್ತು 23, ಹೀಗೆ. ಗೋಲ್ಡ್‌ಬಾಕ್ ಅನ್ನುವವನು 1742ರಲ್ಲಿ ಗಣಿತಜ್ಞ ಆಯ್ಲರ್‌ಗೆ ಬರೆದ ಪತ್ರದಿಂದ ಶುರುವಾದದ್ದು. ಕಂಪ್ಯೂಟರ್‌ಗಳು 4ರ ಮುಂದೆ 18 ಸೊನ್ನೆ ಹಾಕಿದಷ್ಟು ದೊಡ್ಡ ಸಂಖ್ಯೆಯವರೆಗೂ ನೋಡಿಬಿಟ್ಟಿವೆ, ಎಲ್ಲೂ ತಪ್ಪಿಲ್ಲ. ಆದರೂ ಗಣಿತದ ಪುರಾವೆ ಸಿಕ್ಕಿಲ್ಲ. ಇದು ಈಗ ನಿಜವೂ ಅಲ್ಲ ಸುಳ್ಳೂ ಅಲ್ಲ ಅಂತ ಹೇಳುವವರು ಗಣಿತಜ್ಞರಲ್ಲಿ ಕಡಿಮೆ. ಎರಡರಲ್ಲಿ ಒಂದಂತೂ ಆಗಿದೆ, ನಮಗೆ ಗೊತ್ತಿಲ್ಲ, ಅಷ್ಟೇ.

ಕೋರ್ಟಿನಲ್ಲಿ ಇನ್ನೂ ಚೆನ್ನಾಗಿ ಕಾಣುತ್ತದೆ. ನ್ಯಾಯಾಲಯ ಸತ್ಯ ಹುಡುಕುವ ಜಾಗ ಅಂತ ನಾವಂದುಕೊಂಡಿದ್ದೇವೆ. ಆದರೆ 1872ರ ಸಾಕ್ಷ್ಯ ಕಾಯ್ದೆ ವಿವರಿಸಿದ್ದು "ಸಾಬೀತು" ಅನ್ನುವ ಪದವನ್ನು. ಒಂದು ಸಂಗತಿ ಇದೆ ಅಂತ ನ್ಯಾಯಾಲಯ ನಂಬಿದರೆ ಅದು ಸಾಬೀತು. ಅಥವಾ, ವಿವೇಕಿಯಾದ ಮನುಷ್ಯ ಆ ಸಂದರ್ಭದಲ್ಲಿ ಅದು ಇದೆ ಅಂತಲೇ ಹಿಡಿದು ಮುಂದಿನ ಕೆಲಸ ಮಾಡಬೇಕು ಅನ್ನುವಷ್ಟು ಅದು ಸಂಭವನೀಯ ಅಂತ ಕಂಡರೂ ಸಾಬೀತು. ನೋಡಿ, ಇಲ್ಲಿ ಸತ್ಯದ ಹೆಸರೇ ಇಲ್ಲ. ನಂಬಿಕೆ, ಸಂಭವ, ವಿವೇಕಿ ಏನು ಮಾಡಬೇಕು, ಇಷ್ಟೇ. ಜೊತೆಗೆ ಆ ಕಾಯ್ದೆಯಲ್ಲಿ ಮೂರು ಸ್ಥಿತಿಗಳಿದ್ದವು: ಸಾಬೀತಾಗಿದೆ, ಸುಳ್ಳು ಅಂತ ಸಾಬೀತಾಗಿದೆ, ಸಾಬೀತಾಗಿಲ್ಲ. ಅದರ ಜಾಗದಲ್ಲಿ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಈ ಮೂರೂ ಉಳಿದಿವೆ. ಮೂರನೆಯದನ್ನು ಎರಡನೆಯದು ಅಂತ ಓದಿಕೊಳ್ಳುವುದು ನಮ್ಮ ಟಿವಿ ಚರ್ಚೆಗಳ ಹಳೇ ಚಾಳಿ. "ಸಾಬೀತಾಗಿಲ್ಲ" ಅಂದರೆ ಘಟನೆ ನಡೆದಿಲ್ಲ ಅಂತಲ್ಲ, ನಡೆದಿದೆ ಅಂತಲೂ ಅಲ್ಲ. ಕೋರ್ಟಿನ ಕಡತದಲ್ಲಿ ಮೂರು ಖಾನೆ ಇರಬಹುದು. ಆ ರಾತ್ರಿ ಆ ಮನೆಯಲ್ಲಿ ಆಗಿದ್ದು ಮಾತ್ರ ಏನೋ ಒಂದೇ.

ಈಗ ಒಂದು ಕಿತಾಪತಿ ವಾಕ್ಯ. "ನಾನು ಈಗ ಹೇಳುತ್ತಿರುವ ಈ ಮಾತು ಸುಳ್ಳು."

ಇದು ನಿಜವಾ? ನಿಜ ಆದರೆ, ಅದು ಹೇಳುವ ಹಾಗೆ ಅದು ಸುಳ್ಳಾಗಬೇಕು. ಸುಳ್ಳಾ? ಸುಳ್ಳಾದರೆ, ಅದು ಹೇಳಿದ್ದು ಸರಿಯಾಗೇ ಇದೆಯಲ್ಲ, ಹಾಗಾದರೆ ನಿಜ. ಅತ್ತ ದರಿ ಇತ್ತ ಪುಲಿ. ಇದನ್ನು ಕ್ರಿಸ್ತಪೂರ್ವ 4ನೇ ಶತಮಾನದ ಯೂಬುಲಿಡೀಸ್ ಅನ್ನುವವನ ಹೆಸರಿಗೆ ಹಚ್ಚುತ್ತಾರೆ. ಮಕ್ಕಳ ಒಗಟು ಅಂತ ತಳ್ಳಿಹಾಕಲು ಆಗುವುದಿಲ್ಲ. ಯಾಕೆಂದರೆ "ನಿಜ" ಅನ್ನುವ ಪದಕ್ಕೆ ನಾವು ಕೊಟ್ಟ ನಿಯಮ ಏನೂ ತಪ್ಪಿಲ್ಲದ ಹಾಗೆ ಕಂಡರೂ ಅದರೊಳಗೇ ಎಲ್ಲೋ ಬಿರುಕು ಇದೆ ಅಂತ ಇದು ತೋರಿಸುತ್ತದೆ.

ಇಲ್ಲಿಗೆ ಬಂದವನು ಆಲ್ಫ್ರೆಡ್ ತಾರ್ಸ್ಕಿ. 1901ರಲ್ಲಿ ವಾರ್ಸಾದಲ್ಲಿ ಹುಟ್ಟಿದ ಪೋಲೆಂಡಿನ ತರ್ಕಶಾಸ್ತ್ರಜ್ಞ. 1933ರಲ್ಲಿ ಪ್ರಕಟಿಸಿದ ದೊಡ್ಡ ಪ್ರಬಂಧದಲ್ಲಿ ಅವನು ಸತ್ಯದ ಯಾವ ವಿವರಣೆಯೂ ಪಾಲಿಸಲೇಬೇಕಾದ ಒಂದು ಷರತ್ತು ಹಾಕಿದ. ಅವನ ಪ್ರಸಿದ್ಧ ಉದಾಹರಣೆ ಹಿಮದ್ದು, ನಾವು ಹಾಲು ಇಟ್ಟುಕೊಳ್ಳೋಣ. "ಹಾಲು ಬೆಳ್ಳಗಿದೆ" ಅನ್ನುವ ವಾಕ್ಯ ನಿಜ ಆಗುವುದು ಹಾಲು ಬೆಳ್ಳಗಿದ್ದರೆ, ಹಾಲು ಬೆಳ್ಳಗಿದ್ದರೆ ಮಾತ್ರ.

ಇದನ್ನು ಮೊದಲ ಸಲ ಓದಿದಾಗ ನಾನು ನಕ್ಕಿದ್ದೆ. ಇದಕ್ಕೆ ಅಷ್ಟು ದೊಡ್ಡ ಪ್ರಬಂಧ ಬೇಕಿತ್ತಾ ಅನ್ನಿಸಿತ್ತು. ಆದರೆ ಉದ್ಧರಣ ಚಿಹ್ನೆಗಳನ್ನು ನೋಡಿ. ಚಿಹ್ನೆಯ ಒಳಗಿರುವುದು ವಾಕ್ಯದ ಹೆಸರು. ಹೊರಗಿರುವುದು ಹಾಲು. ಒಂದು ಭಾಷೆಯ ಬಗ್ಗೆ, ಇನ್ನೊಂದು ಮೆಟ್ಟಿಲು ಮೇಲೆ ನಿಂತು ಮಾತಾಡುತ್ತಿದ್ದೇವೆ. ತಾರ್ಸ್ಕಿಯ ಮದ್ದು ಇದೇ: "ನಿಜ", "ಸುಳ್ಳು" ಅನ್ನುವ ಪದಗಳನ್ನು ಆ ಭಾಷೆಯ ಒಳಗೇ ಇಡಬೇಡಿ, ಮೇಲಿನ ಮೆಟ್ಟಿಲಿನಲ್ಲಿಡಿ. ಆಗ ಯಾವ ವಾಕ್ಯವೂ ತನ್ನನ್ನೇ ಸುಳ್ಳು ಅಂತ ಕರೆದುಕೊಳ್ಳಲು ಆಗುವುದಿಲ್ಲ. ಕಿತಾಪತಿ ವಾಕ್ಯ ಹುಟ್ಟುವುದೇ ಇಲ್ಲ.

ತರ್ಕದ ಕೃತಕ ಭಾಷೆಗಳಿಗೆ ಇದು ಸರಿ. ಕನ್ನಡಕ್ಕೆ? ನಾವು ಮೆಟ್ಟಿಲು ಹಾಕಿಕೊಂಡು ಮಾತಾಡುವುದಿಲ್ಲ. "ನೀನು ನಿನ್ನೆ ಹೇಳಿದ್ದೆಲ್ಲ ಸುಳ್ಳು" ಅಂತ ಒಬ್ಬಳು, "ನೀನು ಇವತ್ತು ಹೇಳುತ್ತಿರುವುದೇ ಸುಳ್ಳು" ಅಂತ ಇನ್ನೊಬ್ಬಳು, ಯಾರದು ಎಷ್ಟನೇ ಮೆಟ್ಟಿಲು ಅಂತ ಯಾರೂ ಎಣಿಸುವುದಿಲ್ಲ. ತಾರ್ಸ್ಕಿಗೂ ಇದು ಗೊತ್ತಿತ್ತು. ದಿನಬಳಕೆಯ ಭಾಷೆಗೆ ತನ್ನ ಮದ್ದು ನಾಟುವುದಿಲ್ಲ ಅಂತ ಅವನೇ ಕೈಚೆಲ್ಲಿದ್ದ. ಅಂದ ಹಾಗೆ, 1939ರ ಆಗಸ್ಟ್‌ನಲ್ಲಿ ಒಂದು ಸಮ್ಮೇಳನಕ್ಕಾಗಿ ಅವನು ಅಮೆರಿಕಕ್ಕೆ ಹಡಗು ಹತ್ತಿದ. ಸೆಪ್ಟೆಂಬರ್ 1ಕ್ಕೆ ಜರ್ಮನಿ ಪೋಲೆಂಡಿನ ಮೇಲೆ ಬಿತ್ತು. ಅವನು ಅಲ್ಲೇ ಉಳಿದ, ಬರ್ಕ್ಲಿಯಲ್ಲಿ ಪಾಠ ಮಾಡಿದ. ಆ ಹಡಗು ತಪ್ಪಿದ್ದರೆ ಏನಾಗುತ್ತಿತ್ತೋ.

ಇಂಗ್ಲೆಂಡಿನ ತತ್ತ್ವಜ್ಞಾನಿ ಫ್ರಾಂಕ್ ರಾಮ್ಸೆ ಅನ್ನುವ ಇನ್ನೊಬ್ಬ ಹುಡುಗ, 26 ವರ್ಷಕ್ಕೇ ತೀರಿಕೊಂಡವನು, 1927ರಲ್ಲಿ ಇನ್ನೂ ತಣ್ಣಗೆ ಹೇಳಿದ್ದ: "ಹಾಲು ಬೆಳ್ಳಗಿರುವುದು ನಿಜ" ಅನ್ನುವುದಕ್ಕೂ "ಹಾಲು ಬೆಳ್ಳಗಿದೆ" ಅನ್ನುವುದಕ್ಕೂ ಏನು ವ್ಯತ್ಯಾಸ? ಏನೂ ಇಲ್ಲ. ಹಾಗಾದರೆ ಸತ್ಯ ಅನ್ನುವ ದೊಡ್ಡ ಗುಟ್ಟು ಇಲ್ಲವೇ ಇಲ್ಲ. ಅರ್ಧ ದಿನ ನಾನು ಇದನ್ನು ಒಪ್ಪುತ್ತೇನೆ. ಉಳಿದರ್ಧ ದಿನ, "ಅವಳು ಹೇಳಿದ್ದೆಲ್ಲ ನಿಜ" ಅನ್ನುವಾಗ ಅವಳು ಏನೇನು ಹೇಳಿದಳು ಅಂತ ನನಗೆ ನೆನಪೇ ಇಲ್ಲದಿದ್ದರೂ ಆ "ನಿಜ" ಏನೋ ಕೆಲಸ ಮಾಡುತ್ತಿದೆಯಲ್ಲ ಅನ್ನಿಸುತ್ತದೆ.

ಗೊತ್ತಾಗುವ ಪ್ರಶ್ನೆಗೆ ಬರೋಣ. ಇಲ್ಲಿ ನಮ್ಮವರದೇ ಮೇಲುಗೈ ಅಂತ ನಾನು ಅಭಿಮಾನದಿಂದ ಹೇಳುತ್ತಿಲ್ಲ, ಓದಿ ನೋಡಿದರೆ ಅನ್ನಿಸುವುದೇ ಹಾಗೆ.

ಅಂಗಡಿಯಲ್ಲಿ ಕೂತವರ ಕೈಗೆ ಐನೂರರ ನೋಟು ಬಂತು. ಎರಡು ರೀತಿಯ ಅಂಗಡಿಯವರಿದ್ದಾರೆ. ಒಬ್ಬರು ನೋಟು ಸರಿ ಅಂತಲೇ ಹಿಡಿದು ಗಲ್ಲಾಕ್ಕೆ ಹಾಕುತ್ತಾರೆ, ಅನುಮಾನ ಬಂದರೆ ಮಾತ್ರ ಬೆಳಕಿಗೆ ಹಿಡಿಯುತ್ತಾರೆ. ಇನ್ನೊಬ್ಬರು ಬೆಳಕಿಗೆ ಹಿಡಿದು ನೋಡುವ ತನಕ ಅದು ಸರಿ ಅಂತ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಮೊದಲನೆಯವರು ಮೀಮಾಂಸಕರು, ಎರಡನೆಯವರು ನೈಯಾಯಿಕರು. ತಿಳಿವಳಿಕೆಯ ಸತ್ಯ ತಾನಾಗೇ ಗೊತ್ತಾಗುತ್ತದೆ ಅನ್ನುವುದು ಸ್ವತಃಪ್ರಾಮಾಣ್ಯ. ಬೇರೆ ಏನೋ ಬಂದು ತೋರಿಸಬೇಕು ಅನ್ನುವುದು ಪರತಃಪ್ರಾಮಾಣ್ಯ. "ಪ್ರಮಾಣಿಸಿ ನೋಡು" ಅನ್ನುವ ಗಾದೆ ಪೂರ್ತಿ ನೈಯಾಯಿಕರ ಕಡೆ.

ವಾಟ್ಸ್ಆ್ಯಪ್ ಕಾಲದಲ್ಲಿ ಎಲ್ಲರೂ ನೈಯಾಯಿಕರಾಗಬೇಕು ಅಂತ ಅನ್ನಿಸುತ್ತದೆ, ಅಲ್ವಾ? ಆದರೆ ಮೀಮಾಂಸಕರ ಪ್ರಶ್ನೆ ಕೇಳಿ. ನೋಟನ್ನು ಬೆಳಕಿಗೆ ಹಿಡಿದು ನೋಡಿದಿರಿ, ನೀರುಗುರುತು ಕಂಡಿತು. ಆ ಕಂಡದ್ದು ಸರಿ ಅಂತ ಹೇಗೆ ಗೊತ್ತು? ಅದಕ್ಕೆ ಇನ್ನೊಂದು ಪರೀಕ್ಷೆ ಬೇಕು. ಆ ಪರೀಕ್ಷೆಗೆ ಮತ್ತೊಂದು. ಇದು ಮುಗಿಯುವುದೇ ಇಲ್ಲ. ಎಲ್ಲೋ ಒಂದು ಕಡೆ, ಪರೀಕ್ಷೆ ಮಾಡದೆ, ಕಂಡದ್ದನ್ನು ಕಂಡ ಹಾಗೆ ಒಪ್ಪಲೇಬೇಕು. ಅಲ್ಲೇ ಒಪ್ಪುವುದಾದರೆ ಮೊದಲೇ ಒಪ್ಪಿದ್ದರೆ ಏನು ತಪ್ಪಿತ್ತು? ನಂಬಿಕೆ ಮೊದಲು, ಅನುಮಾನಕ್ಕೆ ಕಾರಣ ಸಿಕ್ಕರೆ ಮಾತ್ರ ಪರೀಕ್ಷೆ. ಬದುಕು ನಡೆಯುವುದೂ ಹೀಗೇ. ಬೆಳಗ್ಗೆ ಎದ್ದು ಇದು ನನ್ನ ಮನೆಯೇ ಹೌದಾ ಅಂತ ಯಾರೂ ತಾಳೆ ನೋಡುವುದಿಲ್ಲ.

ಮಧ್ವರು ಇಲ್ಲಿ ಒಂದು ನಡುದಾರಿ ಮಾಡಿದರು. ನಮ್ಮೊಳಗೇ "ಸಾಕ್ಷಿ" ಅನ್ನುವ ಒಂದು ಅರಿವು ಇದೆ, ಪ್ರಾಮಾಣ್ಯವನ್ನು, ಅಂದರೆ ತಿಳಿವಳಿಕೆ ಸರಿ ಅನ್ನುವುದನ್ನು, ಹಿಡಿಯುವುದು ಅದೇ. ಸಂದೇಹ ಬಂದಾಗ ಸಾಕ್ಷಿ ಪರೀಕ್ಷೆಯ ಸಹಾಯ ತೆಗೆದುಕೊಳ್ಳುತ್ತದೆ, ಆದರೆ ಕೊನೆಗೆ "ಸರಿ, ಸಾಕು" ಅನ್ನುವುದು ಸಾಕ್ಷಿಯೇ. ಹಸಿವಾದಾಗ ನನಗೆ ಹಸಿವಾಗಿದೆಯಾ ಅಂತ ಬೇರೆ ಯಾರನ್ನೂ ಕೇಳಬೇಕಿಲ್ಲವಲ್ಲ, ಆ ಜಾತಿಯ ಅರಿವು. ನ್ಯಾಯದ ಕೊನೆಯಿಲ್ಲದ ಸರಪಳಿಗೆ ಕೊಂಡಿ ಹಾಕಿದ ಜಾಗ ಇದು.

ತಪ್ಪು ತಿಳಿಯುವುದು ಹೇಗೆ ಅನ್ನುವುದರ ಬಗ್ಗೆ ಆದ ಚರ್ಚೆ ಇನ್ನೂ ರುಚಿಯಾಗಿದೆ. ಕಡಲ ತೀರದಲ್ಲಿ ನಡೆಯುತ್ತಿದ್ದೀರಿ, ಮಲ್ಪೆ ಅಂದುಕೊಳ್ಳಿ. ಬಿಸಿಲಿಗೆ ಏನೋ ಹೊಳೆಯಿತು. "ಬೆಳ್ಳಿ!" ಅಂತ ಬಗ್ಗಿದಿರಿ. ಕಪ್ಪೆಚಿಪ್ಪು. ಈಗ ಕೇಳಿ, ಒಂದು ಕ್ಷಣ ಕಂಡಿತಲ್ಲ ಬೆಳ್ಳಿ, ಅದು ಎಲ್ಲಿತ್ತು?

ಅದು ಅಂಗಡಿಯಲ್ಲಿ ಇದ್ದ ಬೆಳ್ಳಿ, ನೆನಪಿನ ಮೂಲಕ ಇಲ್ಲಿ ಬಂದು ಅಂಟಿಕೊಂಡಿತು ಅಂತ ನೈಯಾಯಿಕರು. ತಪ್ಪೇ ಆಗಿಲ್ಲ ಅಂತ ಪ್ರಾಭಾಕರರು: "ಇದು" ಅಂತ ಕಂಡದ್ದು ಸರಿ, ಬೆಳ್ಳಿ ನೆನಪಾದದ್ದೂ ಸರಿ, ಎರಡೂ ಬೇರೆ ಅಂತ ಗಮನಿಸಲಿಲ್ಲ, ಅಷ್ಟೇ. ಚಿಪ್ಪಿನಲ್ಲಿ ಬೆಳ್ಳಿಯ ಅಂಶ ಒಂಚೂರು ಇದ್ದೇ ಇದೆ, ಅದಕ್ಕೇ ಹಾಗೆ ಕಂಡಿತು ಅಂತ ರಾಮಾನುಜರ ಕಡೆಯವರು. ಅಲ್ಲಿ ಬೆಳ್ಳಿ ಪೂರ್ತಿ ಇಲ್ಲ, ಇಲ್ಲದ್ದೇ ಇದೆ ಅಂತ ಕಂಡಿತು, ತಪ್ಪು ಅಂದರೆ ಅದೇ ತಾನೇ ಅಂತ ಮಧ್ವರು. ಅದ್ವೈತಿಗಳ ಉತ್ತರ ವಿಚಿತ್ರ: ಆ ಬೆಳ್ಳಿ ಇತ್ತು ಅನ್ನುವ ಹಾಗಿಲ್ಲ, ಆಮೇಲೆ ಮಾಯವಾಯಿತಲ್ಲ. ಇರಲೇ ಇಲ್ಲ ಅನ್ನುವ ಹಾಗೂ ಇಲ್ಲ, ಕಂಡಿತಲ್ಲ. ಹಾಗಾಗಿ ಅದು ಅನಿರ್ವಚನೀಯ, ಇದೆ-ಇಲ್ಲಗಳ ಎರಡೂ ಖಾನೆಗೆ ಸೇರದ್ದು.

ಇಲ್ಲಿಂದಲೇ ಅದ್ವೈತದ ಸತ್ಯದ ಅಳತೆಗೋಲು ಬರುತ್ತದೆ. ಮುಂದೆ ಯಾವ ಅರಿವೂ ಬಂದು ರದ್ದು ಮಾಡದಿದ್ದರೆ ಅದು ಸತ್ಯ. ಬೆಳ್ಳಿಯನ್ನು ಚಿಪ್ಪು ರದ್ದು ಮಾಡಿತು. ಕನಸನ್ನು ಎಚ್ಚರ ರದ್ದು ಮಾಡುತ್ತದೆ. ಎಚ್ಚರದ ಪ್ರಪಂಚವನ್ನು ಬ್ರಹ್ಮಜ್ಞಾನ ರದ್ದು ಮಾಡುತ್ತದೆ, ಅದೊಂದನ್ನು ಮಾತ್ರ ಯಾವುದೂ ರದ್ದು ಮಾಡುವುದಿಲ್ಲ. ಅದಕ್ಕೇ ಪ್ರಾತಿಭಾಸಿಕ (ಬರೀ ತೋರಿದ್ದು), ವ್ಯಾವಹಾರಿಕ (ದಿನದ ಬದುಕಿನದು), ಪಾರಮಾರ್ಥಿಕ (ಕೊನೆಯ ಸತ್ಯ) ಅಂತ ಮೂರು ಅಂತಸ್ತು. ಕೊನೆಯ ಅಂತಸ್ತನ್ನು ಒಪ್ಪುವುದು ಬಿಡುವುದು ನಿಮಗೆ ಬಿಟ್ಟಿದ್ದು. ಆದರೆ ಮಾತಿಗೆ ಇದರಿಂದ ಒಂದು ಅನುಕೂಲ ಇದೆ. "ಸೂರ್ಯ ಹುಟ್ಟಿದ" ಅನ್ನುವುದು ಖಗೋಳದ ಲೆಕ್ಕದಲ್ಲಿ ತಪ್ಪು, ಹಾಲಿನವರಿಗೆ ಸರಿ.

ನಿಜ ಇದ್ದರೆ ಸಾಕಾ, ಅದೃಷ್ಟದಿಂದ ನಿಜ ಆದರೂ ಅದು ತಿಳಿವಳಿಕೆಯಾ ಅನ್ನುವುದೂ ಇದೆ. ಮುಚ್ಚಿದ ಮುಷ್ಟಿ ತೋರಿಸಿ ಎಷ್ಟು ಕವಡೆ ಅಂತ ಕೇಳಿದರು, ಸುಮ್ನೆ "ಐದು" ಅಂದಿರಿ, ಐದೇ ಇತ್ತು. 12ನೇ ಶತಮಾನದ ತತ್ತ್ವಜ್ಞಾನಿ ಶ್ರೀಹರ್ಷನ ಉದಾಹರಣೆ ಇದು. ಮಾತು ನಿಜ, ಆದರೆ ನಿಮಗೆ ಗೊತ್ತಿತ್ತು ಅಂತ ಹೇಳಲಾದೀತೇ? ಅವನಿಗಿಂತ ನಾನೂರು ವರ್ಷ ಹಿಂದಿನ ಬೌದ್ಧ ಧರ್ಮೋತ್ತರನದು ಇನ್ನೂ ಜಾಣತನದ್ದು. ಮಾಂಸ ಸುಡಲು ಈಗಷ್ಟೇ ಬೆಂಕಿ ಹಚ್ಚಿದ್ದಾರೆ, ಹೊಗೆ ಇನ್ನೂ ಬಂದಿಲ್ಲ. ವಾಸನೆಗೆ ನೊಣಗಳ ಕಪ್ಪು ಹಿಂಡು ಮುತ್ತಿದೆ. ದೂರದಲ್ಲಿರುವವನು ಅದನ್ನು ಹೊಗೆ ಅಂದುಕೊಂಡು "ಅಲ್ಲಿ ಬೆಂಕಿ ಇದೆ" ಅಂದ. ಬೆಂಕಿ ಇದೆ, ಅವನ ಹತ್ತಿರ ಕಾರಣವೂ ಇದೆ, ಆದರೆ ಕಾರಣ ತಪ್ಪು. 1963ರಲ್ಲಿ ಅಮೆರಿಕದ ತತ್ತ್ವಜ್ಞಾನಿ ಎಡ್ಮಂಡ್ ಗೆಟಿಯರ್ ಇದೇ ಬಗೆಯ ತೊಡಕನ್ನು ಮೂರೇ ಪುಟದಲ್ಲಿ ಬರೆದಾಗ ಪಶ್ಚಿಮದ ತತ್ತ್ವಶಾಸ್ತ್ರ ದೊಡ್ಡ ಗದ್ದಲಕ್ಕೆ ಬಿತ್ತು. ಧರ್ಮೋತ್ತರನ ನೊಣಗಳು ಅಷ್ಟು ಹೊತ್ತಿಗೆ ಸುಮಾರು ಸಾವಿರದ ಇನ್ನೂರು ವರ್ಷ ಹಳೆಯವು.

ಇನ್ನು "ನನ್ನ ಸತ್ಯ ನನಗೆ, ನಿನ್ನ ಸತ್ಯ ನಿನಗೆ" ಅನ್ನುವ ಮಾತು. ಇದು ನನಗೆ ಸ್ವಲ್ಪ ಕಿರಿಕಿರಿ. ಇದಕ್ಕೆ ಆಧಾರ ಅಂತ ಪಾಪ ಜೈನರ ಅನೇಕಾಂತವನ್ನೂ ಕುರುಡರು ಆನೆ ಮುಟ್ಟಿದ ಕತೆಯನ್ನೂ ಎಳೆದು ತರುತ್ತಾರೆ. ಒಬ್ಬ ಕಂಬ ಅಂದ, ಒಬ್ಬ ಹಗ್ಗ ಅಂದ, ಎಲ್ಲರದೂ ಅವರವರ ಸತ್ಯ ಅಂತ. ಕತೆಯಲ್ಲಿ ಆನೆ ಇದೆ ಅನ್ನುವುದನ್ನೇ ಮರೆತು! ಆನೆ ಇಲ್ಲದಿದ್ದರೆ ಕತೆಯೇ ಇಲ್ಲ. ಜೈನರು ಹೇಳಿದ್ದು ವಸ್ತುವಿಗೆ ಹಲವು ಮುಖ ಇವೆ, ಒಂದು ಮುಖ ನೋಡಿ ಇಷ್ಟೇ ಅನ್ನಬೇಡ ಅಂತ. ಅದಕ್ಕೇ ಪ್ರತಿ ಮಾತಿಗೂ "ಸ್ಯಾತ್" ಸೇರಿಸು ಅಂದರು, ಅಂದರೆ "ಈ ಒಂದು ದೃಷ್ಟಿಯಿಂದ". ಹಾಗೆ ಸೇರಿಸಿದಾಗ ಮಾತು ಸಡಿಲ ಆಗುವುದಿಲ್ಲ, ಬಿಗಿಯಾಗುತ್ತದೆ. "ಕಾಲಿನ ಕಡೆಯಿಂದ ಮುಟ್ಟಿದರೆ ಕಂಬದ ಹಾಗಿದೆ" ಅನ್ನುವುದು ಎಲ್ಲರಿಗೂ ನಿಜ, ಬಾಲ ಹಿಡಿದವನಿಗೂ.

ಕ್ಯಾಲಿಫೋರ್ನಿಯಾದಲ್ಲಿರುವ ಮಗಳು "ಈಗ ರಾತ್ರಿ ಅಮ್ಮ" ಅನ್ನುತ್ತಾಳೆ, ಮೈಸೂರಿನ ಅಮ್ಮ "ಇಲ್ಲ ಪುಟ್ಟ, ಈಗಷ್ಟೇ ಕಾಫಿ ಕುಡಿದೆ, ಬೆಳಗ್ಗೆ" ಅನ್ನುತ್ತಾರೆ. ಎರಡು ಸತ್ಯ ಇವೆಯಾ? ಇಲ್ಲ. ಎರಡು ಅರ್ಧ ವಾಕ್ಯಗಳಿವೆ. "ಅಲ್ಲಿ", "ಇಲ್ಲಿ" ಸೇರಿಸಿದರೆ ಜಗಳ ಇಲ್ಲ. ಪ್ಲೂಟೋ ಕತೆಯೂ ಅಷ್ಟೇ. ಒಂಬತ್ತು ಗ್ರಹ ಅಂತ ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿದೆವು, 2006ರ ಆಗಸ್ಟ್ 24ರಂದು ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಎಂಟು ಅಂದಿತು. ಸತ್ಯ ಬದಲಾಯಿತು ಅಂತ ಜನ ಆಡಿಕೊಂಡರು. ಆಕಾಶದಲ್ಲಿ ಅವತ್ತು ಏನೂ ಬದಲಾಗಲಿಲ್ಲ. ಬದಲಾದದ್ದು "ಗ್ರಹ" ಅನ್ನುವ ಪದ.

ಆದರೆ ಪದ ಸರಿಮಾಡಿದರೂ, ಅರ್ಧ ವಾಕ್ಯ ಪೂರ್ತಿ ಮಾಡಿದರೂ ಬಗ್ಗದ ಒಂದು ಜಾತಿಯ ಮಾತಿದೆ. ಮತ್ತೆ ಬಸ್ ಸ್ಟ್ಯಾಂಡಿಗೇ ಹೋಗೋಣ. ಕಿಟಕಿಯ ಹಿಂದೆ ಕೂತವರನ್ನು ಕೇಳಿದಿರಿ, "ನಾಳೆ ಇದೇ ಬಸ್ ಏಳೂವರೆಗೆ ಬರುತ್ತದಾ?" ಅವರು ತಲೆ ಎತ್ತದೆ "ಬರುತ್ತೆ" ಅಂದರು.

ಅವರ ಮಾತು ಈಗ, ಈ ಕ್ಷಣ, ನಿಜವಾ ಸುಳ್ಳಾ? ಇದ್ದದ್ದು ಇದ್ದ ಹಾಗೆ ಅನ್ನೋಣ ಅಂದರೆ ನಾಳೆ ಇನ್ನೂ ಇಲ್ಲ. ಈಗಲೇ ನಿಜ ಅಂದರೆ ಬಸ್ ಬರುವುದು ಈಗಲೇ ನಿಗದಿಯಾಗಿದೆ, ಡ್ರೈವರ್ ಬೇಡ ಅಂದರೂ ತಪ್ಪಿಸಲು ಆಗುವುದಿಲ್ಲ ಅಂತಾಯಿತು. ಈಗಲೇ ಸುಳ್ಳು ಅಂದರೆ ಡ್ರೈವರ್ ಏನೇ ಮಾಡಿದರೂ ಬಸ್ ಬರುವುದಿಲ್ಲ. ಅರಿಸ್ಟಾಟಲ್ ಇದನ್ನೇ ನಾಳೆಯ ಸಮುದ್ರಯುದ್ಧದ ಉದಾಹರಣೆಯಲ್ಲಿ ಕೇಳಿದ್ದ. ಅವನು ಕೊಟ್ಟ ಉತ್ತರದ ಅರ್ಥ ಏನು ಅಂತ ಇವತ್ತಿಗೂ ಜಗಳ ಇದೆ. 1920ರಲ್ಲಿ ಪೋಲೆಂಡಿನ ಯಾನ್ ಲೂಕಾಸಿಯೆವಿಚ್ ಇದಕ್ಕಾಗಿಯೇ ಮೂರನೆಯ ಬೆಲೆ ಇರುವ ತರ್ಕ ಕಟ್ಟಿದ: ನಿಜ 1, ಸುಳ್ಳು 0, ನಾಳೆಯ ಬಸ್ಸಿನಂಥವು ನಡುವೆ, ಅರ್ಧ. ಆದರೆ ಅವನ ಲೆಕ್ಕದಲ್ಲಿ "ನಾಳೆ ಬಸ್ ಬರುತ್ತದೆ ಅಥವಾ ಬರುವುದಿಲ್ಲ" ಅನ್ನುವುದಕ್ಕೂ ಅರ್ಧವೇ ಸಿಗುತ್ತದೆ. ಅದು ಪೂರ್ತಿ ನಿಜ ಆಗಬೇಕಿತ್ತಲ್ಲ? ಬರುತ್ತದೆ, ಇಲ್ಲಾ ಬರುವುದಿಲ್ಲ, ಎರಡು ಬಿಟ್ಟರೆ ಇನ್ನೇನು ಆಗಲು ಸಾಧ್ಯ?

ಕನ್ನಡದಲ್ಲಿ ಇದಕ್ಕೂ ಒಂದು ಬಾಲ ಇದೆ. ಕಿಟಕಿಯವರು "ಬರುತ್ತೆ" ಅಂದರಲ್ಲ, ಹಿಂದಿನಿಂದ ಕಸ ಗುಡಿಸುತ್ತಿದ್ದ ಅಜ್ಜಿ ಸೇರಿಸಿದರು: "ಬಂದ್ರೆ ಬಂತು."